ಎರಡು ಬೆರಳಿನ ಬೆಳವಣಿಗೆ

ಮರ ಬೆಳೆಯದಿದ್ದರೆ ಅದು ಮರದ ತಪ್ಪೋ, ಅಳೆಯುವವನ ತಪ್ಪೋ? ಗೋಪಾಳದಲ್ಲಿ ಬಸ್ಸು ಹತ್ತಿದಾಗ ಶುರುವಾದ ಈ ಯೋಚನೆ ಭದ್ರಾವತಿಯಲ್ಲಿ ಇಳಿದಾಗಲೂ ಗುರುಪ್ರಸಾದನಿಗೆ ಬಗೆಹರಿದಿರಲಿಲ್ಲ.

ಹೊಳೆಹೊನ್ನೂರು ದಾರಿಯಲ್ಲಿದ್ದ ಒಂದು ಕಂಪನಿಯ ನೀಲಗಿರಿ ತೋಪಿಗೆ ಅವನು ತಾತ್ಕಾಲಿಕ ಮೇಲ್ವಿಚಾರಕ. ವರ್ಷಕ್ಕೊಮ್ಮೆ ಮರಗಳ ಸುತ್ತಳತೆ ತೆಗೆಯುವುದು ಅವನ ಕೆಲಸ. ಈಚೆಗೆ ಮಳೆ ತಡವಾಗಿ ಬಂದು, ಒಂದೇ ವಾರದಲ್ಲಿ ಸುರಿದು ಮುಗಿಯುತ್ತಿತ್ತು. ಶಿವರಾತ್ರಿಗೆ ಮೊದಲೇ ಮೇ ತಿಂಗಳ ಸೆಕೆ. ನೋಡುತ್ತಿದ್ದಂತೆಯೇ ಬೆಳೆಯುತ್ತಿದ್ದ ನೀಲಗಿರಿ ಈಗ ಫೋಟೋಗೆ ನಿಂತವರಂತೆ ಸುಮ್ಮನೆ ನಿಂತಿತ್ತು. ನಿನ್ನೆ ಅಳೆದು ನೋಡಿದರೆ ಕಳೆದ ವರ್ಷದಷ್ಟೇ ದಪ್ಪ.

ಇವತ್ತು ಹೆಡ್ಡಾಫೀಸಿನ ಸಂಧ್ಯಾ ಮೇಡಂ ಬರುವವರಿದ್ದರು. ತೋಪು ಚೆನ್ನಾಗಿ ಕಂಡರೆ ತನ್ನ ಕೆಲಸ ಕಾಯಂ ಆದೀತು, ಇಲ್ಲದಿದ್ದರೆ ಇಲ್ಲ ಎಂದು ಅವನು ನಂಬಿದ್ದ.

“ಏನ್ ಮಾರಾಯ, ಮುಖ ಯಾಕೆ ಹಂಗಿದೆ?” ಎಂದ, ತೋಪಿನಲ್ಲಿ ಕಾಯುತ್ತಿದ್ದ ಜೀಪಿನ ಡ್ರೈವರ್ ಮುಸ್ತಕೀಮ್.

“ಮರ ಬೆಳೆದಿಲ್ಲ ಭಾಯ್.”

“ಅಷ್ಟೇನಾ? ಟೇಪ್ ಒಳಗೆ ಒಂದು ಬೆರಳಿಡು. ಬೆಳೆಯುತ್ತೆ.”

“ಒಂದು ಸಾಲಲ್ಲ, ಎರಡಿಡು,” ಎಂದ ಕಾವಲಿನ ಬಂಗಾರಪ್ಪ. “ಈ ಸಲ ಮಳೆ ಚೆನ್ನಾಗಿ ಆಯ್ತು ಅಂದ್ಕೊಂಡು ಇಡು.”

ಕಳೆ ಕೀಳುತ್ತಿದ್ದ ವಿಶಾಲಮ್ಮ ತಲೆ ಎತ್ತಿದಳು. “ಕೈ ಮರದ ಹಿಂದಕ್ಕಿರಲಿ ಕಣಪ್ಪ. ಎದುರಿಗಿಟ್ಟು ನಮ್ಮನ್ನೂ ಮನೆಗೆ ಕಳಿಸಬೇಡ.”

ಗುರುಪ್ರಸಾದ ಟೇಪು ಕೈಗೆತ್ತಿಕೊಂಡ. ಅದನ್ನೇ ಒಪ್ಪಿಗೆ ಎಂದುಕೊಂಡು ಮೂವರೂ ಅವನ ಹಿಂದೆ ಹೊರಟರು.

ಮೇಡಂ ಬಂದರು. ಮೊದಲ ಮರ ಸಲೀಸಾಗಿ ದಪ್ಪಗಾಯಿತು. ಬಂಗಾರಪ್ಪ ಅಳತೆಯನ್ನು ಹರಾಜು ಕೂಗುವವನಂತೆ ಕೂಗಿದ. “ಹಂಡೆ ಇದ್ದಂಗಿದೆ ಮೇಡಂ!” ಎಂದು ಮುಸ್ತಕೀಮ್ ದನಿಗೂಡಿಸಿದ. ಮುಂದಿನ ಮರದಲ್ಲಿ ಸುಲಿದ ತೊಗಟೆಯ ಕೆಳಗೆ ಕೆಂಪಿರುವೆಗಳಿದ್ದವು. ಟೇಪಿಗೂ ಮರಕ್ಕೂ ನಡುವೆ ಸಿಕ್ಕಿಕೊಂಡ ಎರಡೂ ಬೆರಳಿಗೆ ಅವು ಮುತ್ತಿಕೊಂಡವು. ಕೈ ತೆಗೆದರೆ ಮರ ಸಣ್ಣಗಾಗುತ್ತದೆ. ಅವನು ತೆಗೆಯಲಿಲ್ಲ.

“ಯಾಕ್ರೀ, ಕಣ್ಣಲ್ಲಿ ನೀರು?” ಮೇಡಂ ಕೇಳಿದರು.

“ಖುಷಿಗೆ ಮೇಡಂ.”

“ಮಗು ಇದ್ದಂಗೆ ಸಾಕಿದಾನೆ ಮೇಡಂ,” ಎಂದಳು ವಿಶಾಲಮ್ಮ.

ಸಾಲು ಮುಗಿಯುವಷ್ಟರಲ್ಲಿ ಬೆರಳುಗಳು ಊದಿಕೊಂಡು, ಕೊನೆಯ ಮರಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು.

ಮೇಡಂ ಮೊಬೈಲಿನಲ್ಲಿ ಏನೋ ಲೆಕ್ಕ ಹಾಕಿ ನಿಟ್ಟುಸಿರುಬಿಟ್ಟರು. “ಕಂಗ್ರಾಟ್ಸ್ ಗುರುಪ್ರಸಾದ್. ಆದ್ರೆ ನಂಗೆ ಸ್ವಲ್ಪ ಬೇಜಾರಾಯ್ತು. ಮಳೆ, ಬಿಸಿಲು ಹಿಂಗೆ ಬದಲಾದ್ರೆ ನೀಲಗಿರಿಗೆ ಏನಾಗುತ್ತೆ ಅಂತ ಸ್ಟಡಿ ಮಾಡೋಕೆ, ಬೆಳವಣಿಗೆ ನಿಂತಿರೋ ತೋಪೊಂದು ಬೇಕಿತ್ತು. ನೋಡ್ಕೊಳ್ಳೋಕೆ ಒಬ್ಬರ ಕಾಯಂ ಪೋಸ್ಟೂ ಇತ್ತು. ಇಲ್ಲೇ ಆಗುತ್ತೆ, ನಿಮ್ಮನ್ನೇ ತಗೊಳ್ಳೋಣ ಅಂದ್ಕೊಂಡಿದ್ದೆ. ಇನ್ನು ಶಿಕಾರಿಪುರದ ತೋಪೇ ಗತಿ, ಅಲ್ಲಿಯವರನ್ನೇ ಹಾಕ್ತೀವಿ.”

“ಮತ್ತೆ ಈ ತೋಪು, ಮೇಡಂ?”

“ಇಷ್ಟು ದಪ್ಪ ಆದ್ಮೇಲೆ ಯಾಕೆ ಕಾಯೋದು? ಮುಂದಿನ ತಿಂಗಳೇ ಕಡಿಸ್ತೀವಿ. ಆಮೇಲೆ ಇಲ್ಲಿ ಯಾರಿಗೂ ಕೆಲಸ ಇರಲ್ಲ.”

ಮುಸ್ತಕೀಮ್, ಬಂಗಾರಪ್ಪ, ವಿಶಾಲಮ್ಮ ಮೂವರೂ ಮರದ ತುದಿಯನ್ನು ಆಗಷ್ಟೇ ಕಂಡವರಂತೆ ನೋಡತೊಡಗಿದರು. ಗುರುಪ್ರಸಾದ ಬಾಯಿ ತೆರೆದ. ಮೇಡಂ ಕಾದರು.

“ಏನಾದ್ರೂ ಹೇಳೋದಿದೆಯಾ?”

“ಇಲ್ಲ ಮೇಡಂ.”

ಅವನು ಊದಿದ ಎರಡು ಬೆರಳನ್ನು ಬೆನ್ನ ಹಿಂದಕ್ಕೆ ಸರಿಸಿದ.