ಸಣ್ಣ ಗುಂಡಿಯ ಸಮಾಚಾರ

ಮನುಷ್ಯರ ಮೇಲೆ ನನಗೆ ಸಿಟ್ಟು ಬರುವುದು ಕಡಿಮೆ. ಇರುವ ಸಿಟ್ಟನ್ನೆಲ್ಲ ಕಂಪನಿಗಳಿಗಾಗಿ ಎತ್ತಿಟ್ಟಿದ್ದೇನೆ. ನಾಲ್ಕು ಜನ ಹುಚ್ಚರು ಮೆಚ್ಚಿಕೊಂಡಿರುವವರೆಗೆ ಒಂದು ವಸ್ತು ಚೆನ್ನಾಗಿಯೇ ಇರುತ್ತದೆ. ಊರೆಲ್ಲ ಮೆಚ್ಚಲಿ ಎಂದು ಕಂಪನಿಗೆ ಆಸೆ ಹುಟ್ಟಿತೋ, ಅದರ ಕಥೆ ಮುಗಿದಂತೆ.

ನನ್ನ ರೇಡಿಯೊ ಪುಣೆ ಕಡೆಯ ಒಂದು ಸಣ್ಣ ಕಂಪನಿಯದು. ಹೆಸರು ಹೇಳಲಾರೆ, ಹೇಳಿದರೆ ರಾತ್ರಿ ಊಟ ಸೇರುವುದಿಲ್ಲ. ನೋಡಲು ಜೋಳದ ಡಬ್ಬಿ. ಆದರೆ ಹಿಂದಿನ ಮುಚ್ಚಳದೊಳಗೆ ಇಡೀ ಸರ್ಕಿಟ್ಟಿನ ನಕ್ಷೆ ಅಂಟಿಸಿದ್ದರು, ಬಿಚ್ಚಿ ನೋಡಪ್ಪಾ ಎನ್ನುವ ಹಾಗೆ. ದೊಡ್ಡ ಗುಂಡಿಯ ಪಕ್ಕದಲ್ಲಿ ಕಡಲೆಕಾಳಿನಷ್ಟು ಇನ್ನೊಂದು ಗುಂಡಿ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ, ದೂರದೇಶದ ನಿಲಯಗಳು ಸಿಗುವ ಶಾರ್ಟ್‌ವೇವ್‌ನಲ್ಲಿ ಒತ್ತಿಕೊಂಡು ನಿಂತ ಎರಡು ದೇಶಗಳು ಬೇರೆಯಾಗುತ್ತಿದ್ದವು. 'ನಿಮ್ಮನ್ನು ಕೇಳಿದೆ' ಎಂದು ಆ ನಿಲಯಕ್ಕೆ ಕಾಗದ ಬರೆದರೆ ಅಲ್ಲಿಂದ ಬಣ್ಣದ ಕಾರ್ಡು ಬರುತ್ತಿತ್ತು. ಆ ಕಾರ್ಡುಗಳೇ ನನ್ನ ಆಸ್ತಿ. ಅಫಜಲಪುರ, ಜೇವರ್ಗಿ, ಕೊನೆಗೆ ಆಳಂದ ಎಂದು ಶಾಲೆಯಿಂದ ಶಾಲೆಗೆ ವರ್ಗವಾದಾಗಲೆಲ್ಲ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ರೇಡಿಯೊ ಕೂತಿರುತ್ತಿತ್ತು. ನಮ್ಮ ಕೂಸು ಯಾರ ತೊಡೆಯ ಮೇಲಿತ್ತೋ ಹೆಂಡತಿ ಶಾಂತಾಳನ್ನೇ ಕೇಳಬೇಕು.

ಇಷ್ಟಕ್ಕೆ ಸುಮ್ಮನಿರಬೇಕಿತ್ತು. ಇರಲಿಲ್ಲ, ಹೊಗಳಿದೆ. ಶಾಲೆಯಲ್ಲಿ, ಚಹಾದ ಅಂಗಡಿಯಲ್ಲಿ, ತಮ್ಮನಿಗೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಸಹ. ಮಾಸ್ತರ ಮಾತು ನಂಬಿ ಸುತ್ತಲಿನವರೆಲ್ಲ ಅದನ್ನೇ ಕೊಂಡರು, ಬೈಯುವುದಕ್ಕೆ ನನ್ನ ಮನೆಗೇ ಬಂದರು. ಪ್ರತಿ ಡಬ್ಬಿಯಲ್ಲಿ 'ನಿಮ್ಮ ಸಲಹೆ ತಿಳಿಸಿ' ಎಂಬ ಕಾರ್ಡೊಂದು ಇರುತ್ತಿತ್ತು. ಅದನ್ನು ಇಂಗ್ಲಿಷಿನಲ್ಲಿ ತುಂಬಬೇಕು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು ನಾನೊಬ್ಬನೇ.

ಮೊದಲು ಬಂದವರು ನಿಂಬರ್ಗಾದ ರೈತ ಸಿದ್ರಾಮಪ್ಪ.

"ಮಾಸ್ತರ್ರ, ಆ ಸಣ್ಣ ಗುಂಡಿ ತಗದ್ ಬಿಡ್ರಿ ಅಂತ ಬರೀರಿ. ಹುಡುಗೂರು ತಿರುವಿ ತಿರುವಿ ಗುಲ್ಬರ್ಗಾ ಸ್ಟೇಶನ್ನೇ ಕಳೀಲಾಕತ್ತಾವ."

"ಅದು ಭಾಳ ಬಾರೀಕ್ ಕೆಲಸದ್ದು ರೀ. ಅದರಿಂದನೇ ಲಂಡನ್ ಸಿಗ್ತದ."

"ಲಂಡನ್ ತಗೊಂಡು ನಾ ಏನ್ ಮಾಡ್ಲಿ? ಅಲ್ಲಿ ತೊಗರಿ ರೇಟ್ ಹೇಳ್ತಾರೇನ್ರಿ?"

ಅವರ ಕೈಯಿಂದ ಕಾರ್ಡು ಇಸಿದುಕೊಂಡೆ. ಬರೆದೆ. ಬರೆಯುವುದಾದರೆ ಕೆಟ್ಟದಾಗಿ ಬರೆಯುವುದು ನನ್ನ ಕೈಲಾಗದು. ಅವರ ಒಂದು ಮಾತು ನನ್ನ ಇಂಗ್ಲಿಷಿನಲ್ಲಿ ಆರು ಸಾಲಾಗಿ, ಕಲ್ಲು ಕರಗುವಂತಾಯಿತು. ಆಮೇಲೆ ಬಂದವರಲ್ಲಿ ಒಬ್ಬರಿಗೆ ಬಂಗಾರದ ಬಣ್ಣದ ಅಂಚು ಬೇಕು, ಇನ್ನೊಬ್ಬರಿಗೆ ಕೆಂಪು ದೀಪ ಬೇಕು. ಸಣ್ಣ ಗುಂಡಿ ಮಾತ್ರ ಯಾರಿಗೂ ಬೇಡ. ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಚೆಗೆ ಹಾಕಿದೆ.

ಮುಂದಿನ ವರ್ಷ ನನ್ನ ಹಳೆಯ ರೇಡಿಯೊ ಕೈಕೊಟ್ಟಿತು. ಜಪಾನಿನ ಕಾರ್ಡು ಇನ್ನೂ ಸಿಕ್ಕಿರಲಿಲ್ಲ. ಅದೇ ಕಂಪನಿಯ ಹೊಸ ಮಾಡೆಲ್ ಬಂದಿದೆ ಎಂದು ಕೇಳಿ ಗುಲ್ಬರ್ಗಾಕ್ಕೆ ಓಡಿ, ಕೊಂಡು ತಂದು, ಡಬ್ಬಿ ಬಿಚ್ಚಿದೆ. ಬಂಗಾರದ ಅಂಚು! ಕೆಂಪು ದೀಪ! ಸಣ್ಣ ಗುಂಡಿ ಇದ್ದ ಜಾಗದಲ್ಲಿ ಗುಲಾಬಿ ಹೂವಿನ ಚಿತ್ರ. ಇಡೀ ಶಾರ್ಟ್‌ವೇವ್ ಹೆಬ್ಬೆರಳಗಲದಲ್ಲಿ ತುರುಕಿದ್ದರಿಂದ ಲಂಡನ್ನು ಪೀಕಿಂಗು ಒಟ್ಟಿಗೇ ಜಗಳಕ್ಕೆ ನಿಂತಿದ್ದವು. ಹಿಂದಿನ ಮುಚ್ಚಳಕ್ಕೆ ಸ್ಕ್ರೂ ಸಹ ಇಲ್ಲ, 'ಬಿಚ್ಚಬಾರದು' ಎಂಬ ಚೀಟಿ ಇತ್ತು. ಜಪಾನು ಇನ್ನು ನನ್ನ ಪಾಲಿಗಿಲ್ಲ.

ಶಾಂತಾ ಒಂದೇ ಸಲ ತಿರುಗಿಸಿದಳು. ಗುಲ್ಬರ್ಗಾ ಸ್ವಚ್ಛವಾಗಿ ಕೇಳಿಸಿತು. ಡಬ್ಬಿಯ ತಳದಲ್ಲಿದ್ದ ಜಾಹೀರಾತಿನ ಹಾಳೆ ತೆಗೆದು ನನ್ನ ಕೈಗಿತ್ತು, "ಇದರಾಗ ಏನ್ ಬರದಾರ ಓದ್ರಿ" ಎಂದಳು. 'ಈ ಬದಲಾವಣೆಗೆ ನಮ್ಮ ಮನ ಕರಗಿಸಿದ ಪತ್ರ' ಎಂದು ಮೇಲೆ ಅಚ್ಚಾಗಿತ್ತು. ಕೆಳಗೆ ಆರು ಸಾಲು, ನನ್ನವೇ. ಹಲ್ಲು ಕಚ್ಚಿಕೊಂಡು ಕನ್ನಡ ಮಾಡಿ ಹೇಳಿದೆ.

"ಯಾರೋ ಏನ್ ಛಂದ ಬರದಾರ್ರಿ! ಇಷ್ಟು ಬೇಡಿಕೊಂಡ ಮ್ಯಾಲ ಕಂಪನಿಯವ್ರು ಹ್ಯಾಂಗ ಇಲ್ಲ ಅಂತಾರ?" ಎಂದಳು ಶಾಂತಾ.

ಮರುದಿನ ಕಂಪನಿಗೆ ಖಾರವಾದ ಕಾಗದ ಬರೆದೆ. ರೇಡಿಯೊ ಬಗ್ಗೆ ಅಲ್ಲ. ಅಚ್ಚು ಹಾಕುವಾಗ ಮೂರನೆಯ ಸಾಲಿನಲ್ಲಿ ನನ್ನದೊಂದು ಅಲ್ಪವಿರಾಮ ಬಿಟ್ಟಿದ್ದರು.