ಶ್ಯಾವಿಗೆಯ ಉಪವಾಸ

ನಾನು ಒಂದು ಹೊತ್ತು ಊಟ ಬಿಟ್ಟರೆ ನಮ್ಮ ಮನೆಯಲ್ಲಿ ಉಳಿದ ಸಾರನ್ನು ಫ್ರಿಜ್ಜಿಗೆ ಸೇರಿಸಿ ಮಲಗುತ್ತಾರೆ, ಅಷ್ಟೆ. ಶ್ಯಾವಿಗೆ ಮೂರು ವಾರ ಊಟ ಬಿಟ್ಟಿದ್ದಕ್ಕೆ ಮಾತ್ರ ಮನೆಗೆ ಸೂತಕದ ಕಳೆ ಬಂದಿತ್ತು.

ಶ್ಯಾವಿಗೆ ತಿಂಡಿಯಲ್ಲ. ನನ್ನ ಹೆಸರಿನಲ್ಲಿ ಹಾವು ಸಾಕುವ ಲೈಸೆನ್ಸ್ ಮಾಡಿಸಿ ಮಗಳು ಪ್ರಣತಿ ಸಾಕಿಕೊಂಡಿರುವ, ಪೆನ್ಸಿಲ್ ದಪ್ಪದ ಹೆಬ್ಬಾವಿನ ಮರಿ. ಈ ಸಲವೂ ತಿನ್ನದಿದ್ದರೆ ಉಳಿಯುವುದು ಕಷ್ಟ ಎಂದು ಪಶುವೈದ್ಯೆ ಹೇಳಿದ್ದಳು. ಸ್ಕೂಲ್ ಕ್ಯಾಂಪಿಗೆ ಹೊರಟ ಪ್ರಣತಿಯ ಕಣ್ಣು ತುಂಬಿತ್ತು. "ಪ್ಲೀಸ್ ಅಪ್ಪಾ, ಡೋಂಟ್ ಲೆಟ್ ಹಿಮ್ ಡೈ."

ಹೀಗಾಗಿ ಶನಿವಾರ ಬೆಳಿಗ್ಗೆ, ಈ ಪರದೇಶದ ಫಾರೆಸ್ಟ್ ಲೇಕ್ ಬಡಾವಣೆಯ ನಮ್ಮ ಮನೆಯಲ್ಲಿ, ಮೊಟ್ಟೆಯನ್ನೂ ಮುಟ್ಟದ ಶ್ರೀಕಂಠಯ್ಯನಾದ ನಾನು ಬಿಸಿನೀರಿನಲ್ಲಿ ಇಲಿಮರಿಯನ್ನು ಕರಗಿಸುತ್ತಾ ನಿಂತಿದ್ದೆ. (ಅಂಗಡಿಯಿಂದ ತಂದ, ಮಂಜುಗಟ್ಟಿದ ಇಲಿ. ಮಹಾಪಾಪವನ್ನು ಬೇರೆಯವರು ಮೊದಲೇ ಮುಗಿಸಿದ್ದರು.) ಚಿಮಟದಿಂದ ಎತ್ತುವಾಗ ಇಲಿ ಜಾರಿತು. ಕಣ್ಣು ಮುಚ್ಚಿಕೊಂಡು ಬೆರಳಿನಲ್ಲೇ ಹೆಕ್ಕಿದೆ.

ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದು ಚಿಮಟವನ್ನು ಇಳಿಬಿಟ್ಟೆ. ಶ್ಯಾವಿಗೆ ತಲೆ ಎತ್ತಿತು. ನಾಲಿಗೆ ಚಾಚಿ ಇಲಿಯನ್ನು ನೋಡಿತು, ನನ್ನನ್ನು ನೋಡಿತು. ಮರುಕ್ಷಣ ಇಲಿಯ ವಾಸನೆ ಹತ್ತಿದ್ದ ನನ್ನ ಹೆಬ್ಬೆರಳಿನ ತುದಿ ಅದರ ಬಾಯಲ್ಲಿತ್ತು, ಮೈ ನನ್ನ ಮಣಿಕಟ್ಟಿನ ಸುತ್ತ.

"ಇಂದೂ, ಕಚ್ಬಿಡ್ತು," ಎಂದೆ.

ನನ್ನ ಹೆಂಡತಿ ಇಂದುಮತಿ ಡಾಕ್ಟರು. ಕಾಫಿ ಲೋಟ ಕೆಳಗಿಟ್ಟು ಬಂದಳು. "ಎಳೀಬೇಡಿ ರೀ. ಅದರ ಹಲ್ಲು ಮುರಿದುಹೋಗತ್ತೆ."

"ನನ್ನ ಬೆರಳು?"

"ಬೆರಳಿಗೆ ಹೊಲಿಗೆ ಹಾಕ್ಬಹುದು."

"ವಿಷ ಏರ್ತಿದೆ ಕಣೇ. ಕಾಲು ಜೋಮು ಹಿಡೀತಿದೆ."

"ಹೆಬ್ಬಾವಿಗೆ ವಿಷ ಎಲ್ಲಿಂದ ಬರತ್ತೆ? ಅರ್ಧ ಗಂಟೆಯಿಂದ ಒಂಟಿ ಕಾಲಲ್ಲಿ ನಿಂತಿದೀರಿ, ಅದಕ್ಕೆ."

ಕೈಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಸಿದಳು. ಒಂದು, ಎರಡು, ಮೂರು ನಿಮಿಷ. ಮನಸ್ಸಿನಲ್ಲೇ ಉಯಿಲು ಬರೆದೆ. ಕೊನೆಗೆ ಶ್ಯಾವಿಗೆ ಬಾಯಿ ಬಿಟ್ಟಿತು. ಇಂದುಮತಿ ಅದನ್ನು ಪೆಟ್ಟಿಗೆಗೆ ಬಿಟ್ಟು, ನೆಲಕ್ಕೆ ಬಿದ್ದಿದ್ದ ಇಲಿಯನ್ನು ಚಿಮಟದಲ್ಲಿ ಹಿಡಿದು ಆಡಿಸಿದಳು. ಶ್ಯಾವಿಗೆ ಗಬಕ್ಕನೆ ಹಿಡಿದು, ನೋಡನೋಡುತ್ತಲೇ ನುಂಗಿತು.

ನನಗೆ ನಿಜವಾಗಿಯೂ ಕಣ್ಣೀರು ಬಂತು. ಸಂಜೆ ಫೋನ್ ಮಾಡಿದ ಪ್ರಣತಿಗೆ, ಬ್ಯಾಂಡೇಜು ಕಟ್ಟಿದ ಬೆರಳನ್ನೂ ಮರೆಯದೆ, ವೀರಗಾಥೆಯನ್ನು ಸವಿಸ್ತಾರವಾಗಿ ಒಪ್ಪಿಸಿದೆ. ಫೋನಿನಲ್ಲೇ ಕುಣಿದಾಡಿದಳು. ಆಮೇಲೆ, ಪೆಟ್ಟಿಗೆಯ ಪಕ್ಕದ ನೋಟ್‌ಬುಕ್ಕಿನಲ್ಲಿ ಊಟದ ವಿವರ ಬರೆದಿಡಲು ಅಮ್ಮನಿಗೆ ಹೇಳಿದಳು.

ಇಂದುಮತಿ ಡಾಕ್ಟರ ಗೀಚು ಅಕ್ಷರದಲ್ಲಿ ಬರೆದಿಟ್ಟಳು: "ತಿಂದದ್ದು: ಇಲಿ, ಒಂದು. ರುಚಿ ನೋಡಿ ಬಿಟ್ಟದ್ದು: ಅಪ್ಪ."