ಜನಕಪುರಿಯಲ್ಲಿ ಕೂತು ಚಂಡಮಾರುತ ಕಾದದ್ದು

ಸಮುದ್ರವಿಲ್ಲದ ಊರಿನಲ್ಲಿದ್ದು ಚಂಡಮಾರುತದ ಹುಚ್ಚು ಹಿಡಿಸಿಕೊಂಡವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಾವು ಅದಕ್ಕಾಗಿ ವಿಶೇಷ ಪ್ರಯತ್ನವನ್ನೇನೂ ಮಾಡುವುದಿಲ್ಲ. ದಿಲ್ಲಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗುವ ಮುಂಚೆ ರೈಲಿನಲ್ಲಿ ಊಟ, ನಿದ್ದೆ, ಪಕ್ಕದವರ ಜೊತೆ ಸೀಟಿನ ಜಗಳ ಎಲ್ಲ ಮುಗಿದಿರುತ್ತವೆ. ಆದರೂ ಬಂಗಾಳ ಕೊಲ್ಲಿಯಲ್ಲಿ ಒಂದಿಷ್ಟು ಮೋಡ ಸುತ್ತಲು ಶುರುವಾದರೆ ಜನಕಪುರಿಯ ನಮ್ಮ ಮನೆಯಲ್ಲಿ ಹಾಲು ಉಕ್ಕುತ್ತದೆ. ಹಾಲು ನೋಡಬೇಕಾದ ನಾನು ಫೋನು ನೋಡುತ್ತಿರುತ್ತೇನೆ.

ನಾವು ಮೂರು ಜನ. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಎರಡನೆಯವರು ನಮ್ಮ ಮೇಲಿನ ಮಹಡಿಯಲ್ಲಿರುವ, ಕೊಡಗಿನ ನಿವೃತ್ತ ಕರ್ನಲ್. ಮೂರನೆಯವರು ಧಾರವಾಡದ ಕಡೆಯ ಇಂಜಿನಿಯರ್, ಗುರುಗ್ರಾಮದಲ್ಲಿ ಮೋಡಕ್ಕೆ ಸ್ವಲ್ಪ ಹತ್ತಿರ ಎನ್ನಬಹುದಾದ ಎತ್ತರದ ಫ್ಲಾಟಿನಲ್ಲಿದ್ದಾರೆ. ಬೇರೆಯವರು ಕ್ರಿಕೆಟ್ ನೋಡುವಂತೆ ನಾವು ಗಾಳಿ ನೋಡುತ್ತೇವೆ. ಚಂಡಮಾರುತ ದಡ ಮುಟ್ಟುವ ಗಳಿಗೆ, ಅಂದರೆ ಲ್ಯಾಂಡ್‌ಫಾಲ್, ನಮಗೆ ಫೈನಲ್ ಪಂದ್ಯ.

ಬಹಳ ವರ್ಷ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೆ ನಮ್ಮ ಒಬ್ಬಳೇ ಮಗಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಒಡಿಶಾದ ಕರಾವಳಿಯ ಒಂದು ಸಣ್ಣ ಊರಿಗೆ ಹಾಕಿದರು. ಆ ಬೇಸಿಗೆಯಲ್ಲಿ ಹುಟ್ಟಿದ ದೊಡ್ಡ ಚಂಡಮಾರುತ ವಿಳಾಸ ಕೇಳಿಕೊಂಡು ಬಂದಂತೆ ಅವಳ ಊರಿನ ಕಡೆಗೇ ಹೊರಟಿತು. ಅಲ್ಲಿಂದ ನಮಗೆ ಅದು ಆಟವಾಗಿ ಉಳಿಯಲಿಲ್ಲ. ಹುಚ್ಚು ಮಾತ್ರ ಹಾಗೇ ಉಳಿಯಿತು.

ಗುಲಾಬಿಯ ತೇವಾಂಶ

ಫೋನಿನಲ್ಲಿ ನಮ್ಮದೊಂದು ಗ್ರೂಪ್ ಇದೆ. ಕಟ್ಟಿದವರು ಕರ್ನಲ್, ಕಾಯಿದೆ ಬರೆದವರೂ ಅವರೇ. ಗುಡ್ ಮಾರ್ನಿಂಗ್ ಕೂಡದು. ಹುಟ್ಟುಹಬ್ಬ ಕೂಡದು. ದೇವರ ಫೋಟೋ ಕೂಡದು. ಗಾಳಿಯ ವೇಗ, ದಿಕ್ಕು, ಒತ್ತಡ, ತೇವಾಂಶ, ಇಷ್ಟೇ. ಅವರು ಹಾಕುವ ಸುದ್ದಿಗೆ ಬುಲೆಟಿನ್ ಎಂದು ಹೆಸರು.

ಮಗಳು ಒಡಿಶಾಕ್ಕೆ ಹೋದ ಮೇಲೆ ಅವಳನ್ನೂ ಗ್ರೂಪಿಗೆ ಸೇರಿಸಿಕೊಂಡೆವು. "ಇನ್ನು ನಮಗೆ ಸ್ವಂತದ ಗ್ರೌಂಡ್ ಸ್ಟೇಷನ್ ಆಯಿತು" ಎಂದು ಕರ್ನಲ್ ಸಂತೋಷಪಟ್ಟರು. ಮಗಳಿರುವ ಗ್ರೂಪಿನಲ್ಲಿ ತಾನಿಲ್ಲದಿದ್ದರೆ ಹೇಗೆ ಎಂದು ನನ್ನ ಹೆಂಡತಿಯೂ ಸೇರಿದಳು. ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಒಂದು ಕೆಂಪು ಗುಲಾಬಿ, ಅದರ ಮೇಲೆ ಇಬ್ಬನಿ, ಕೆಳಗೆ ಶುಭೋದಯ, ಕಳಿಸಿಯೇಬಿಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ಕರ್ನಲ್ ಬರೆದರು: "ಮೇಡಂ, ಇಬ್ಬನಿ ಗಮನಿಸಿದೆ. ಸ್ಥಳ ಮತ್ತು ತೇವಾಂಶ ತಿಳಿಸಿ."

ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ರೀ, ಈ ಗುಲಾಬಿ ಯಾವ ಊರಿನದು ಅಂತ ನಿಮಗೇನಾದ್ರೂ ಗೊತ್ತಾ?"

ಗ್ರೌಂಡ್ ಸ್ಟೇಷನ್ನಿನ ವರದಿ

ಚಂಡಮಾರುತ ಇನ್ನೂ ಸಮುದ್ರದ ನಡುವೆ ಇದ್ದಾಗಲೇ ನಮ್ಮಲ್ಲಿ ಎರಡು ಪಕ್ಷಗಳಾದವು. ಇಂಜಿನಿಯರ್ ಅಮೆರಿಕದವರ ಲೆಕ್ಕಾಚಾರ ನಂಬುವವರು, ಕರ್ನಲ್ ಯುರೋಪಿನವರದು. ಅಮೆರಿಕದ ಪ್ರಕಾರ ಅದು ಬಂಗಾಳದ ಕಡೆಗೆ ಹೊರಳಬೇಕು. ಯುರೋಪಿನ ಪ್ರಕಾರ ಸೀದಾ ನನ್ನ ಮಗಳ ಬ್ಯಾಂಕಿಗೆ ಬರಬೇಕು. ನನಗೆ ಅಮೆರಿಕದ ಮೇಲೆ ಎಂದೂ ಇಲ್ಲದ ಪ್ರೀತಿ ಬಂತು.

"ನೋಡ್ರಿ ಸರ, ಅಲ್ಲಿ ಗಾಳಿ ಯಾವ ಕಡೆಯಿಂದ ಬೀಸಾಕತ್ತೈತಿ ಅಂತ ಗೊತ್ತಾದ್ರ ಈಗಿಂದೀಗ ತೀರ್ಮಾನ ಆಗ್ತದ" ಎಂದರು ಇಂಜಿನಿಯರ್. ನಾನು ಮಗಳಿಗೆ ಫೋನು ಮಾಡಿದೆ.

"ಪುಟ್ಟೀ, ಈಗ ಗಾಳಿ ಯಾವ ಕಡೆಯಿಂದ ಬರ್ತಿದೆ?"

"ಅಪ್ಪಾ, ಕೌಂಟರ್‌ನಲ್ಲಿದೀನಿ. ಇತ್ನೀ ಲಂಬೀ ಲೈನ್ ಇದೆ."

"ಒಂದೇ ಮಾತು ಹೇಳು. ಯಾವ ಕಡೆಯಿಂದ?"

"ಊಪರ್ ಸೇ."

"ಮೇಲಿನಿಂದಲಾ?"

"ಹಾಂ ಅಪ್ಪಾ. ನನ್ನ ತಲೆ ಮೇಲೇ ಎಸಿ ಇದೆ. ರಖೂಂ?"

ಇಟ್ಟೇಬಿಟ್ಟಳು. ನಾನು ಸರ್ಕಾರಿ ನೌಕರ. ಬಂದ ಮಾಹಿತಿಯನ್ನು ತಿದ್ದುವ ಅಭ್ಯಾಸವಿಲ್ಲ. ಇದ್ದದ್ದನ್ನು ಇದ್ದಂತೆ ಗ್ರೂಪಿಗೆ ತಿಳಿಸಿದೆ. ಕರ್ನಲ್ಲರ ಬುಲೆಟಿನ್ ತಡಮಾಡದೆ ಬಂತು: "ಸ್ಥಳದ ವರದಿ. ಗಾಳಿ ಮೇಲಿನಿಂದ ಕೆಳಕ್ಕೆ. ತಂಪು. ಯುರೋಪಿನ ಅಂದಾಜಿಗೆ ಸರಿಹೊಂದುತ್ತದೆ."

ಕೂಲರಿನ ಕಡತ

ಮರುದಿನ ಕಚೇರಿಯ ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರ ತೆರೆದುಕೊಂಡು ಕೂತಿದ್ದೆ. ಬಿಳೀ ಸುಳಿ ನಿಧಾನಕ್ಕೆ ತಿರುಗುತ್ತಿತ್ತು. ಬೆನ್ನ ಹಿಂದೆ ಸಾಹೇಬರು ಬಂದು ನಿಂತದ್ದು ಅವರ ಪಾನ್ ಮಸಾಲೆಯ ವಾಸನೆಯಿಂದ ಗೊತ್ತಾಯಿತು.

"ಯೇ ಕ್ಯಾ ಚಲ್ ರಹಾ ಹೈ?"

ಸುಳ್ಳು ಹೇಳಲು ಹೊತ್ತಿರಲಿಲ್ಲ. ಮಗಳು ಅಲ್ಲಿದ್ದಾಳೆ ಎಂದೆ. ಸಾಹೇಬರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಅವರು ಉತ್ತರಪ್ರದೇಶದ ಒಳನಾಡಿನವರು, ಸಮುದ್ರ ನೋಡಿದ್ದು ಒಮ್ಮೆ ಗೋವಾದಲ್ಲಿ, ಅದೂ ಸರ್ಕಾರದ ಪ್ರವಾಸಭತ್ಯೆ ಎಲ್‌ಟಿಸಿ ಸಿಕ್ಕಿದ್ದರಿಂದ. ಮಧ್ಯಾಹ್ನದ ಹೊತ್ತಿಗೆ ಇಂಟರ್‌ಕಾಮಿನಲ್ಲಿ "ಕಹಾಂ ಪಹುಂಚಾ?" ಎಂದು ಚಂಡಮಾರುತದ ಸುದ್ದಿ ಕೇಳುವುದು ಶುರುವಾಯಿತು. ಸಂಜೆಗೆ ಅವರ ಪಿಎ, ಪಕ್ಕದ ಸೆಕ್ಷನ್ನಿನವರು, ಚಹಾದ ಭಯ್ಯಾ, ಎಲ್ಲರೂ ನನ್ನ ಮೇಜಿನ ಸುತ್ತ ನಿಂತು ಬಂಗಾಳ ಕೊಲ್ಲಿಗೆ ಸಲಹೆ ಕೊಡುತ್ತಿದ್ದರು.

ಇಂಥದರ ನಡುವೆಯೂ ಕರ್ತವ್ಯ ಮರೆಯಬಾರದೆಂದು, ಕಚೇರಿಯ ಕೂಲರುಗಳನ್ನು ರಿಪೇರಿ ಮಾಡಿಸುವ ತುರ್ತು ಕಡತವನ್ನು ಅವರ ಮುಂದಿಟ್ಟೆ. ಮೇ ತಿಂಗಳು, ಇಡೀ ಮಹಡಿ ಬೆವರಿನಲ್ಲಿ ತೊಯ್ಯುತ್ತಿತ್ತು. ಸಾಹೇಬರು ಪರದೆಯಿಂದ ಕಣ್ಣು ಕೀಳದೆ ಕಡತದ ಮೇಲೆ ಬರೆದರು: "ದಡ ಮುಟ್ಟಿದ ಮೇಲೆ ಮಂಡಿಸಿ."

ಮುಂದೆ ಆಡಿಟ್‌ನವರು ಬಂದಾಗ, ಕೂಲರುಗಳು ಯಾವ ದಡ ಮುಟ್ಟಬೇಕಿತ್ತು ಎಂದು ಲಿಖಿತ ವಿವರಣೆ ಕೇಳಿದರು.

ಹಾಸನ ಜಿಲ್ಲೆಯ ದೇವರು

ಅಷ್ಟು ಹೊತ್ತಿಗೆ ಅಮೆರಿಕದವರೂ ಯುರೋಪಿನ ಪಕ್ಷಕ್ಕೆ ಸೇರಿದ್ದರು. ಮಗಳ ಊರಿನ ಮೇಲೆ ನಕ್ಷೆಯಲ್ಲಿ ಕೆಂಪು ಬಣ್ಣ ಬಿತ್ತು. ಹೆಂಡತಿ ಸ್ನಾನ ಮಾಡಿ, ಅರಿಸಿನದ ಬಟ್ಟೆಯಲ್ಲಿ ಕಾಸಿಟ್ಟು ಮನೆದೇವರಿಗೆ ಮುಡಿಪು ಕಟ್ಟಲು ಕೂತಳು.

"ಏನಂತ ಹರಕೆ ಹೊತ್ತೆ?" ಎಂದೆ.

"ಬೇರೆ ಯಾವ ಕಡೆಗಾದ್ರೂ ಹೋಗಲಿ ಅಂತ."

"ಬೇರೆ ಕಡೆಯಲ್ಲೂ ಯಾರದೋ ಮಗಳು ಇರ್ತಾಳಲ್ಲೇ."

ಅವಳ ಮುಖ ಸಣ್ಣದಾಯಿತು. ಕಟ್ಟಿದ ಗಂಟು ಬಿಚ್ಚಿದಳು. ಯೋಚಿಸಿ, "ಹಾಗಾದ್ರೆ ಸಮುದ್ರದಲ್ಲೇ ಕರಗಿ ಹೋಗಲಿ" ಎಂದು ಮತ್ತೆ ಕಟ್ಟಹೊರಟವಳು, "ಮೀನು ಹಿಡಿಯೋಕೆ ಹೋದವರು?" ಎಂದು ನಿಂತಳು. ಮೆಟ್ಟಿಲಿಳಿದು ಬರುತ್ತಿದ್ದ ಕರ್ನಲ್ ಬಾಗಿಲಲ್ಲೇ ವರದಿ ಒಪ್ಪಿಸಿದರು: "ದೋಣಿಗಳನ್ನೆಲ್ಲ ವಾಪಸ್ ಕರೆಸಿದ್ದಾರೆ ಮೇಡಂ. ಸಮುದ್ರ ಖಾಲಿ ಇದೆ. ನೀವು ಮುಂದುವರಿಯಬಹುದು."

"ಹಾಗಾದ್ರೆ ಈಗ ಅದು ಎಲ್ಲಿದೆ ಅಂತ ಸರಿಯಾಗಿ ಹೇಳಿಬಿಡಿ, ಕರ್ನಲ್ ಸಾಬ್" ಎಂದಳು ಹೆಂಡತಿ. "ನಮ್ಮ ದೇವರು ಹಾಸನ ಜಿಲ್ಲೆಯವನು. ಅವನಿಗೆ ಆ ಕಡೆ ಅಷ್ಟು ಗೊತ್ತಿಲ್ಲ."

ಗ್ರೂಪಿನಲ್ಲಿ ದೇವರನ್ನು ನಿಷೇಧಿಸಿದ್ದ ಕರ್ನಲ್ ಚಪ್ಪಲಿ ಬಿಟ್ಟು ಒಳಗೆ ಬಂದು, ಕನ್ನಡಕ ಹಾಕಿಕೊಂಡು, ಅಕ್ಷಾಂಶ ರೇಖಾಂಶ ಓದಿದರು. ಅವಳು ಕಣ್ಣು ಮುಚ್ಚಿ, ಕೈಮುಗಿದು, ಒಂದೊಂದನ್ನೂ ದೇವರಿಗೆ ಒಪ್ಪಿಸಿದಳು.

"ಸ್ವಲ್ಪ ಆಚೀಚೆ ಆಗಬಹುದು ಅಂತಲೂ ಹೇಳಿ" ಎಂದು ಕರ್ನಲ್ ಪಿಸುಗುಟ್ಟಿದರು. ಅದನ್ನೂ ಹೇಳಿದಳು.

ದಡ ಮುಟ್ಟಿದ ದಿನ

ಅದು ಶನಿವಾರ, ರಜೆ. ಇಂಜಿನಿಯರ್ ಲ್ಯಾಪ್‌ಟಾಪು ಹಿಡಿದುಕೊಂಡು ಮೆಟ್ರೋದಲ್ಲಿ ಬೆಳಿಗ್ಗೆಯೇ ನಮ್ಮ ಮನೆಗೆ ಬಂದರು, ಮೇಲಿನಿಂದ ಕರ್ನಲ್ಲರೂ ಇಳಿದು ಬಂದರು. ಮಗಳು, ಅವಳ ಮನೆಯ ಮಾಲಕಿ, ಆ ಬೀದಿಯವರು ಎಲ್ಲರೂ ಊರಿನ ಗಟ್ಟಿ ಕಟ್ಟಡವಾದ ಶಾಲೆಗೆ ಸೇರಿಕೊಂಡಿದ್ದರು. ಮಗಳು ಅಲ್ಲಿಂದ ಫೋನು ಮಾಡಿದಳು. ಕರ್ನಲ್ ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ಮಗಾ, ಕರೆಂಟ್ ಹೋದರೆ ಬ್ಯಾಟರಿಯೇ ಮುಖ್ಯ. ಫೋನು ಆಫ್ ಮಾಡಿಡು. ಗಾಳಿ ದಾಟಿದ ಮೇಲೆ ಆನ್ ಮಾಡು. ಇದು ಆರ್ಡರ್."

"ಓಕೆ ಅಂಕಲ್" ಎಂದು ಅವಳು ಆಫ್ ಮಾಡಿದಳು.

ಆರ್ಡರ್ ಸರಿಯಾಗಿಯೇ ಇತ್ತು. ಆದರೆ ಆ ಮೌನ ತಡೆದುಕೊಳ್ಳುವುದು ನಮ್ಮಿಂದಾಗಲಿಲ್ಲ. ಅಷ್ಟು ವರ್ಷ ನೋಡಿದ ಅದೇ ಸುಳಿ, ಅದೇ ಬಣ್ಣಗಳು. ಆದರೆ ಈಗ ಆ ಕೆಂಪಿನ ಕೆಳಗೆ ನನ್ನ ಮಗಳು ಯಾವುದೋ ತರಗತಿಯ ನೆಲದ ಮೇಲೆ ಕೂತಿದ್ದಳು. ನನಗೆ ಭಯವಾಗಿತ್ತು. ಹೆಂಡತಿ ಬೆಳಗಿನಿಂದ ಬಾಯಿಗೆ ಹನಿ ನೀರು ಹಾಕಿರಲಿಲ್ಲ.

ಮಧ್ಯಾಹ್ನ ಇಂಜಿನಿಯರ್, "ಶುರು ಆತ್ರಿ" ಎಂದರು. ನಾಲ್ಕು ತಲೆಗಳೂ ಲ್ಯಾಪ್‌ಟಾಪಿನ ಮೇಲೆ ಬಾಗಿದವು. ಕೋಣೆ ಕತ್ತಲಾಯಿತು, ಇಂಜಿನಿಯರ್ ತಲೆಯೆತ್ತದೆ ಕೈಚಾಚಿ ಲೈಟು ಹಾಕಿದರು. ಕಿಟಕಿ ಪಟಪಟ ಬಡಿಯಿತು; ಹೆಂಡತಿ ನಕ್ಷೆ ನೋಡುತ್ತಲೇ ಹಿಂದಕ್ಕೆ ಸರಿದು ಅಗಳಿ ಹಾಕಿದಳು. ಬಾಯಲ್ಲಿ ಮಣ್ಣು ಕರಕರ ಅಂದಾಗ ನಾವೆಲ್ಲ ಹೊರಗೆ ನೋಡಿದೆವು. ಹೊರಗೆ ಜನಕಪುರಿಯೇ ಇರಲಿಲ್ಲ. ಹಳದಿ ಧೂಳು ಮಾತ್ರ ಇತ್ತು.

ದಿಲ್ಲಿಯ ಬೇಸಿಗೆಯಲ್ಲಿ ಬರುವ ಆಂಧಿ, ಧೂಳಿನ ಬಿರುಗಾಳಿ. ಬರುತ್ತದೆ ಎಂದು ಬೆಳಗಿನಿಂದ ಟಿವಿಯವರು ಬಡಿದುಕೊಂಡಿದ್ದರಂತೆ. ನಾವು ಟಿವಿಯ ಶಬ್ದ ತೆಗೆದು ಒಡಿಶಾ ಮಾತ್ರ ನೋಡುತ್ತಿದ್ದೆವು.

ಇಷ್ಟಾದರೂ ಕರ್ನಲ್ ಎದೆಗುಂದಲಿಲ್ಲ. ಗಾಳಿ ಎಲ್ಲಿಯದಾದರೂ ಬುಲೆಟಿನ್ ಬುಲೆಟಿನ್ನೇ ಎಂದು ಗ್ರೂಪಿನಲ್ಲಿ ಬರೆಯತೊಡಗಿದರು.

"ಜನಕಪುರಿ. ಕಣ್ಣಿಗೆ ಏನೂ ಕಾಣುತ್ತಿಲ್ಲ."

"ನಮ್ಮ ನೀರಿನ ಟ್ಯಾಂಕ್ ತಾರಸಿ ಬಿಟ್ಟು ಹೊರಟಿದೆ."

"ಟ್ಯಾಂಕ್ ಪಾರ್ಕಿನಲ್ಲಿ ಲ್ಯಾಂಡ್‌ಫಾಲ್ ಮಾಡಿತು. ಎಲ್ಲರೂ ಅಡುಗೆಮನೆಗೆ ಹಿಂದೆ ಸರಿದಿದ್ದೇವೆ. ಬೇವಿನ ಮರ"

ಮರದ ವಾಕ್ಯ ಮುಗಿಯಲಿಲ್ಲ. ಅಷ್ಟನ್ನೇ ಕಳಿಸಿದ ಮರುಕ್ಷಣ ಆ ಬೇವಿನ ಮರ ತಂತಿಗಳ ಮೇಲೆ ಬಿತ್ತು. ಕರೆಂಟು ಹೋಯಿತು, ಇಂಟರ್ನೆಟ್ಟು ಹೋಯಿತು, ಸ್ವಲ್ಪ ಹೊತ್ತಿಗೆ ಫೋನಿನ ಸಿಗ್ನಲ್ಲೂ ಹೋಯಿತು. ಮಗಳಿಗೆ ಚಂಡಮಾರುತ ಏನು ಮಾಡಿತೆಂದು ತಿಳಿಯುವ ದಾರಿಯೇ ಇರಲಿಲ್ಲ. ನಾಲ್ವರೂ ಅಡುಗೆಮನೆಯಲ್ಲಿ ಅಕ್ಕಿಡಬ್ಬಿಗೆ ಒರಗಿಕೊಂಡು ಕೂತೆವು. ಹೆಂಡತಿ ಸದ್ದಿಲ್ಲದೆ ಅತ್ತಳು. ಅವಳ ಕೈ ಹಿಡಿದುಕೊಂಡೆ.

ಗಾಳಿ ನಿಂತು, ಹೊತ್ತು ಇಳಿದ ಮೇಲೆ ಎಲ್ಲಿಂದಲೋ ಒಂದು ಗೆರೆ ಸಿಗ್ನಲ್ ಬಂತು. ಬಂದದ್ದೇ ತಡ, ಹೆಂಡತಿಯ ಫೋನು ಬಡಿದುಕೊಂಡಿತು. ಅವಳು ಸ್ಪೀಕರಿಗೆ ಹಾಕಿದಳು. ಮಗಳು ಬಿಕ್ಕಿಬಿಕ್ಕಿ ಅಳುತ್ತಿದ್ದಳು.

"ಪುಟ್ಟೀ, ಏನಾಯ್ತೇ? ಎಲ್ಲಿದೀಯ?" ಎಂದು ನಾನು ಕಿರುಚಿದೆ.

"ನಂಗೇನಾಗಿಲ್ಲ ಅಪ್ಪಾ! ಆಪ್ ಲೋಗ್ ಠೀಕ್ ಹೋ? ಎಷ್ಟು ಸಲ ಮಾಡಿದೆ ಗೊತ್ತಾ? ಯಾಕೆ ಯಾರೂ ಎತ್ತಲ್ಲ? ಆ ಮರ ಯಾರ ಮೇಲೆ ಬಿತ್ತು?"

ನಡೆದದ್ದು ಇಷ್ಟು. ಚಂಡಮಾರುತ ಕೊನೆಯಲ್ಲಿ ಪಕ್ಕಕ್ಕೆ ಸರಿದು ಜನವಿಲ್ಲದ ಜೌಗುಕಾಡಿನ ಮೇಲೆ ಇಳಿದಿತ್ತು. ಅವಳ ಊರಿನಲ್ಲಿ ಕೆಲವು ತಗಡು ಹಾರಿದ್ದು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಸಿಗ್ನಲ್ ಕೂಡ ಹೋಗಿರಲಿಲ್ಲ. ಆರ್ಡರಿನ ಪ್ರಕಾರ ಗಾಳಿ ದಾಟಿದ ಮೇಲೆ ಅವಳು ಫೋನು ಆನ್ ಮಾಡಿದರೆ ಮೊದಲು ಕಂಡದ್ದು ಕರ್ನಲ್ಲರ ಬುಲೆಟಿನ್ನುಗಳು. ಓದಿ ಗೊಳೋ ಎಂದು ಅತ್ತಳಂತೆ. ಏನೆಂದು ಕೇಳಿದವರಿಗೆ ಒಂದೊಂದನ್ನೇ ಹಿಂದಿಗೆ ಮಾಡಿ ಹೇಳಿದ್ದಾಳೆ. ಚಂಡಮಾರುತಕ್ಕೆ ಹೆದರಿ ಶಾಲೆ ಸೇರಿದ್ದ ಅಷ್ಟೂ ಜನ ತಮ್ಮ ಚಿಂತೆ ಬಿಟ್ಟು, ಜನಕಪುರಿ ಉಳಿಯಲಿ ಎಂದು ಭಜನೆಗೆ ಕೂತಿದ್ದರು. ಫೋನಿನಲ್ಲಿ ಇನ್ನೂ ತಾಳದ ಶಬ್ದ ಕೇಳುತ್ತಿತ್ತು.

ಮನೆಯ ಮಾಲಕಿ ಫೋನು ತೆಗೆದುಕೊಂಡರು. ವಯಸ್ಸಾದ ಹೆಂಗಸು, ನಿಧಾನವಾದ ಹಿಂದಿ.

"ಬೆಹನ್‌ಜೀ, ಅಂಥ ಜಾಗದಲ್ಲಿ ಹೇಗಿರ್ತೀರಿ? ಸಾಮಾನಿನ ಆಸೆ ಬಿಡಿ, ಮೊದಲ ರೈಲು ಹತ್ತಿ ಇಲ್ಲಿಗೆ ಬಂದುಬಿಡಿ. ಯಹಾಂ ಕೋಯೀ ಖತ್ರಾ ನಹೀಂ ಹೈ, ಇಲ್ಲಿ ಏನೂ ಅಪಾಯವಿಲ್ಲ. ನಿಮ್ಮ ಮಗಳ ಪಕ್ಕದಲ್ಲೇ ಎರಡು ಚಾಪೆ ಹಿಡಿದಿಟ್ಟಿದ್ದೀನಿ. ಕಿಟಕಿ ಪಕ್ಕದ್ದು ಬೇಕಾ, ಗೋಡೆ ಪಕ್ಕದ್ದಾ?"

ಇಂಜಿನಿಯರ್ ನೆಲ ನೋಡಿದರು. ಕರ್ನಲ್ ಚಾವಣಿ ನೋಡಿದರು. ಇಲ್ಲಿ ಏನೂ ಆಗಿಲ್ಲ, ಹಾರಿದ್ದು ಬರೀ ಖಾಲಿ ಟ್ಯಾಂಕು ಎಂದು ಹೇಳಲು ನಾನು ಬಾಯಿ ತೆರೆದೆ. ಹೆಂಡತಿ ಕೈಯೆತ್ತಿ ನನ್ನನ್ನು ತಡೆದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಫೋನಿಗೆ ಬಾಯಿ ಹತ್ತಿರ ತಂದು, "ಗೋಡೆ ಪಕ್ಕದ್ದು" ಎಂದಳು.